ಸಮುದ್ರ ಕಾಣದ ಊರಿಗೆ ಚಂಡಮಾರುತ

ಮಕ್ಕಳೇ, 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಎಂಬ ಚಂಡಮಾರುತ ಪುದುಚೇರಿಯ ಹತ್ತಿರ ದಡ ಹಾಯಿತು. ಭೂಪಟದ ಮೇಲೆ ಅಲ್ಲಿಂದ ಕೊಳ್ಳೇಗಾಲಕ್ಕೆ ಒಂದು ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್ ಆಗುತ್ತದೆ. ನಡುವೆ ಬೆಟ್ಟಗಳಿವೆ, ಕಾಡಿದೆ. ಆದರೂ ಡಿಸೆಂಬರ್ ಮೊದಲ ವಾರದಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಜಡಿಮಳೆ, ಥಂಡಿ ಗಾಳಿ, ಹಗಲಿನಲ್ಲೇ ಮಬ್ಬು. ಹನೂರಿನ ಹುಡುಗನಾಗಲಿ ಯಳಂದೂರಿನ ಹುಡುಗಿಯಾಗಲಿ ಸಮುದ್ರವನ್ನು ನೋಡಿಯೇ ಇಲ್ಲದಿರಬಹುದು. ಆದರೆ ಸಮುದ್ರ ಅವರ ಮನೆಯ ಹೆಂಚಿನ ಮೇಲೆ ಸುರಿದು ಹೋಗಿತ್ತು.

ಸಮುದ್ರ ಅಂದದ್ದು ಅಲಂಕಾರದ ಮಾತಲ್ಲ. ಅದು ನಿಜವಾಗಿ ಬಂಗಾಳಕೊಲ್ಲಿಯ ನೀರು. ಅದು ಇಲ್ಲಿಗೆ ಹೇಗೆ ಬಂತು ಅನ್ನುವುದನ್ನು ಮೊದಲು ನೋಡೋಣ. ಆಮೇಲೆ ನಮ್ಮ ಜಾಗ್ರತೆಯ ಮಾತು.

ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿಂದ ಆವಿ ಧಾರಾಳವಾಗಿ ಏಳುತ್ತದೆ. ಆವಿ ಮೇಲೇರಿ ತಣಿದು ಹನಿಯಾಗುತ್ತದೆ. ಹನಿಯಾಗುವಾಗ ಅದು ತನ್ನೊಳಗೆ ಇಟ್ಟುಕೊಂಡಿದ್ದ ಶಾಖವನ್ನು ಹೊರಗೆ ಬಿಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿ ಚುರ್ ಅಂದಿದೆಯಲ್ಲ? ಆಗಲೂ ನಡೆಯುವುದು ಇದೇ: ನಿಮ್ಮ ಚರ್ಮದ ಮೇಲೆ ಹಬೆ ನೀರಾಗುತ್ತದೆ, ಶಾಖ ನಿಮಗೆ ಸಿಗುತ್ತದೆ. ಸಮುದ್ರದ ಮೇಲೆ ಆ ಶಾಖ ಸಿಗುವುದು ಸುತ್ತಲಿನ ಗಾಳಿಗೆ. ಬಿಸಿಯಾದ ಗಾಳಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕಡಿಮೆಯಾಗುತ್ತದೆ, ಆ ಜಾಗಕ್ಕೆ ಸುತ್ತಮುತ್ತಲಿನ ಗಾಳಿ ನುಗ್ಗುತ್ತದೆ. ನುಗ್ಗಿದ ಗಾಳಿಯೂ ಆವಿ ಹೊತ್ತು ಬರುತ್ತದೆ. ಹೀಗೆ ತಾನೇ ತನ್ನನ್ನು ಬೆಳೆಸಿಕೊಳ್ಳುವ ಯಂತ್ರವೊಂದು ಸಮುದ್ರದ ಮೇಲೆ ತಯಾರಾಗುತ್ತದೆ.

ಅದು ಸುತ್ತುವುದೇಕೆ? ಭೂಮಿ ಸುತ್ತುತ್ತಿರುವುದರಿಂದ. ಸಮಭಾಜಕ ವೃತ್ತದ ಉತ್ತರಕ್ಕೆ ಇರುವ ನಮ್ಮ ಕಡೆ, ಓಡುವ ಗಾಳಿ ತನ್ನ ಬಲಕ್ಕೆ ವಾಲುತ್ತದೆ. ನಾಲ್ಕೂ ದಿಕ್ಕಿನಿಂದ ಒಳಕ್ಕೆ ನುಗ್ಗುವ ಗಾಳಿ ಹೀಗೆ ವಾಲಿ ವಾಲಿ ಕೊನೆಗೆ ಒಂದು ಸುತ್ತು ಹಿಡಿಯುತ್ತದೆ. ಬಲಗೈ ಮುಷ್ಟಿ ಹಿಡಿದು ಹೆಬ್ಬೆರಳನ್ನು ಮಾತ್ರ ಮೇಲಕ್ಕೆತ್ತಿ. ಹೆಬ್ಬೆರಳು ಮೇಲೇರುವ ಬಿಸಿಗಾಳಿ. ಉಳಿದ ಬೆರಳುಗಳು ಯಾವ ಕಡೆ ಸುತ್ತಿಕೊಂಡಿವೆಯೋ ಆ ಕಡೆಗೇ ನಮ್ಮ ಚಂಡಮಾರುತ ಸುತ್ತುತ್ತದೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ.

ಈ ಮುಷ್ಟಿಯಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಚಂಡಮಾರುತದ ಸುದ್ದಿ ಬಂದ ದಿನ ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ, ಚಂಡಮಾರುತದ ನಡುಭಾಗ ಹೆಚ್ಚೂಕಡಿಮೆ ನಿಮ್ಮ ಎಡಗೈ ಕಡೆಗಿರುತ್ತದೆ. ಅದು ಪೂರ್ವದಲ್ಲಿ ಪುದುಚೇರಿಯ ಹತ್ತಿರವಿದ್ದಾಗ ನಮ್ಮೂರಿಗೆ ಗಾಳಿ ಬಡಗಣದಿಂದ ಬರುತ್ತದೆ. ಅದು ನಮ್ಮನ್ನು ದಾಟಿ ಪಡುವಣಕ್ಕೆ ಹೋದ ಮೇಲೆ ಗಾಳಿ ತೆಂಕಣದಿಂದ ಬೀಸತೊಡಗುತ್ತದೆ. ಹಾಲೆಂಡಿನ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಪ್ರಕಟಿಸಿದ ನಿಯಮ ಇದು. ಹಡಗಿನವರು ಇದನ್ನು ನಂಬಿಕೊಂಡು ದಾರಿ ಬದಲಿಸುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ನಿಂತು ಇದನ್ನು ಪರೀಕ್ಷಿಸಬೇಡಿ, ಅಲ್ಲಿ ಬೆಟ್ಟ ಗಾಳಿಯನ್ನು ತಿರುಗಿಸಿಬಿಡುತ್ತದೆ. ಕೊಳ್ಳೇಗಾಲದ ಗದ್ದೆ ಬಯಲು ಒಳ್ಳೆಯದು. ಮಳೆ ಗುಡುಗು ಶುರುವಾಗುವ ಮೊದಲು ಮಾತ್ರ, ನೆನಪಿರಲಿ.

ಅಮೆರಿಕದವರು ಹರಿಕೇನ್ ಎನ್ನುವುದೂ ಜಪಾನಿನವರು ಟೈಫೂನ್ ಎನ್ನುವುದೂ ಇದನ್ನೇ. ನಮ್ಮಲ್ಲಿ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಘೋಷಿಸಿ ಹೆಸರಿಡುತ್ತದೆ. ಬಂಗಾಳಕೊಲ್ಲಿ, ಅರಬ್ಬಿ ಸಮುದ್ರಗಳ ಸುತ್ತಲಿನ 13 ದೇಶಗಳು ತಲಾ 13 ಹೆಸರು ಕೊಟ್ಟು ಪಟ್ಟಿ ಮಾಡಿಟ್ಟಿವೆ. ಫೆಂಗಲ್ ಹೆಸರು ಕೊಟ್ಟದ್ದು ಸೌದಿ ಅರೇಬಿಯಾ.

ದಡ ಹಾಯ್ದ ಮೇಲೆ ಚಂಡಮಾರುತಕ್ಕೆ ಬಿಸಿ ನೀರು ಸಿಗುವುದಿಲ್ಲ. ಒಲೆಯಿಂದ ಸೌದೆ ಎಳೆದ ಹಾಗೆ. ಗಾಳಿ ಬೇಗ ಸೊರಗುತ್ತದೆ. ಆದರೆ ಸಮುದ್ರದಿಂದ ಹೊತ್ತು ತಂದ ಆವಿ ಎಲ್ಲಿಗೆ ಹೋಗಬೇಕು? ಅದು ಮೋಡವಾಗಿಯೇ ಇದೆ. ಫೆಂಗಲ್ ದಡದ ಹತ್ತಿರ ಗಂಟೆಗಟ್ಟಲೆ ಅಲುಗಾಡದೆ ನಿಂತಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ 45 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಆಮೇಲೆ ಅದು ಬಲಗುಂದಿ ತಮಿಳುನಾಡಿನ ಒಳನಾಡನ್ನು ದಾಟಿ ನಮ್ಮ ಕಡೆ ಬಂತು. ಮೋಡ ಹೊತ್ತ ಗಾಳಿಗೆ ನಮ್ಮ ಬೆಟ್ಟಗಳು ಅಡ್ಡ ಸಿಕ್ಕಿದರೆ ಅದು ಬೆಟ್ಟ ಹತ್ತಲೇಬೇಕು. ಹತ್ತಿದಷ್ಟೂ ತಣಿಯುತ್ತದೆ, ತಣಿದಷ್ಟೂ ಸುರಿಯುತ್ತದೆ.

ಇದು ಬರೀ ಕೇಡಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ನಮ್ಮ ಮೂರು ತಾಲ್ಲೂಕುಗಳಿಗೆ ಮುಂಗಾರಿಗಿಂತ ಹಿಂಗಾರಿನ ಮೇಲೆ ಆಸೆ ಜಾಸ್ತಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳೇ ಹನೂರಿನ ರಾಗಿಗೂ ಹುರುಳಿಗೂ ನೀರು ತರುವವು. ಚಂಡಮಾರುತವೇ ಬೇಡ ಎಂದು ಇಲ್ಲಿನ ರೈತ ಹೇಳಲಾರ. ಬರಲಿ, ಆದರೆ ಹದವಾಗಿ ಬರಲಿ ಅನ್ನುತ್ತಾನೆ.

ಕಡಲತಡಿಯವರಿಗೆ ಚಂಡಮಾರುತವೆಂದರೆ ಮೊದಲು ಗಾಳಿ, ಉಬ್ಬರದ ಅಲೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಸೂಪರ್ ಸೈಕ್ಲೋನಿಗೆ ಸುಮಾರು 10,000 ಜನ ಬಲಿಯಾದರು. 2013ರ ಅಕ್ಟೋಬರಿನಲ್ಲಿ ಅದೇ ಒಡಿಶಾದ ಗೋಪಾಲಪುರಕ್ಕೆ ಫೈಲಿನ್ ಬಂತು. ಅದೂ ಭೀಕರವೇ. ಆದರೆ ಸತ್ತವರು ಆ ಮೊದಲಿನ ಲೆಕ್ಕದ ಹತ್ತಿರಕ್ಕೂ ಬರಲಿಲ್ಲ. ಗಾಳಿ ಬರುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ದಡದಿಂದ ಕರೆದೊಯ್ದಿದ್ದರು. ದಿನಗಳ ಮೊದಲೇ ಚಂಡಮಾರುತವನ್ನು ಕಂಡುಹಿಡಿದದ್ದು ಇನ್‌ಸ್ಯಾಟ್ ಸರಣಿಯಂಥ ಉಪಗ್ರಹಗಳು. ಅವನ್ನು ಆಕಾಶದಲ್ಲಿ ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಉಪಗ್ರಹ ನೋಡಿ ಹೇಳಿದ್ದನ್ನು ಜನ ನಂಬಿ ಎದ್ದು ಹೋದರು ಅನ್ನುವುದು ನನಗೆ ಉಪಗ್ರಹಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನಮಗೆ ಉಬ್ಬರದ ಅಲೆ ಇಲ್ಲ. ನಮ್ಮ ಭಯವೆಲ್ಲ ನೀರು. ಆ ನೀರು ಮೂರು ತಾಲ್ಲೂಕಿಗೆ ಮೂರು ಬಗೆಯಲ್ಲಿ ಬರುತ್ತದೆ. ನಿಮ್ಮೂರಿನ ನೀರು ಯಾವುದು ಎಂದು ನಿಮಗೆ ಗೊತ್ತಿರಬೇಕು.

ಹನೂರಿನ ನೀರು ಹಳ್ಳದ ನೀರು. ಕೌದಳ್ಳಿ, ರಾಮಾಪುರ, ಅಜ್ಜೀಪುರದ ಕಡೆ ವರ್ಷದ ಬಹುಪಾಲು ದಿನ ಹಳ್ಳಗಳು ಒಣಗಿರುತ್ತವೆ. ಮಕ್ಕಳು ಅದರ ಮರಳಲ್ಲೇ ಆಡುತ್ತಾರೆ, ಆಡು ಕುರಿ ಅದರಲ್ಲೇ ಅಡ್ಡಾಡುತ್ತವೆ. ಕಲ್ಲುಬೆಟ್ಟ, ತೆಳು ಮಣ್ಣು, ಕುರುಚಲು ಕಾಡು. ಜೋರು ಮಳೆ ಬಿದ್ದರೆ ಇಂಗುವುದಕ್ಕೆ ಪುರುಸೊತ್ತಿಲ್ಲದೆ ನೀರೆಲ್ಲ ಇಳಿಜಾರು ಹಿಡಿದು ಓಡಿ ಹಳ್ಳ ಸೇರುತ್ತದೆ. ಉಡುತೊರೆ ಜಲಾಶಯ ಕಟ್ಟಿರುವುದು ಇಂಥ ಹಳ್ಳವೊಂದಕ್ಕೇ. ಕಷ್ಟವೇನೆಂದರೆ ಮಳೆ ಬೀಳುವುದು ಮೇಲೆ ಕಾಡಿನಲ್ಲಿ, ನೀರು ಬರುವುದು ಕೆಳಗೆ ನೀವಿರುವಲ್ಲಿಗೆ. ನಿಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಹಳ್ಳದಲ್ಲಿ ಸಣ್ಣಗೆ ಹರಿಯುತ್ತಿದ್ದ ನೀರು ಇದ್ದಕ್ಕಿದ್ದಂತೆ ಕದಡಿ ಕೆಂಪಾದರೆ, ಎಲೆ ಕಡ್ಡಿ ತರಗು ತೇಲಿ ಬರತೊಡಗಿದರೆ, ಮೇಲ್ಗಡೆ ಗುಂಯ್ ಎಂದು ಸದ್ದು ಕೇಳಿದರೆ, ಆಡನ್ನು ಹುಡುಕುತ್ತ ನಿಲ್ಲಬೇಡಿ. ದಡ ಹತ್ತಿ, ಇನ್ನೂ ಮೇಲಕ್ಕೆ ಹೋಗಿ. ಆಡಿಗೆ ನಿಮಗಿಂತ ಚೆನ್ನಾಗಿ ಹತ್ತುವುದು ಗೊತ್ತು.

ಹಳ್ಳದ ಮೇಲಿನ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬಾರದು ಎಂದು ದೊಡ್ಡವರು ಹೇಳುತ್ತಾರೆ, ಹೇಳಿದ ದೊಡ್ಡವರೇ ಬೈಕಿನಲ್ಲಿ ದಾಟುತ್ತಾರೆ. ಏಕೆ ಬಾರದು ಎನ್ನುವುದಕ್ಕೆ ಲೆಕ್ಕವಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ನೀರಿನ ತೂಕ 1,000 ಕೆಜಿ. ಅದು ನಿಂತಿದ್ದರೆ ನೀವು ಅದರಲ್ಲಿ ಆಡಬಹುದು. ಓಡುತ್ತಿದ್ದರೆ ಅದು ನಿಮ್ಮನ್ನು ದೂಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ದೂಡುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಅದಕ್ಕೇ ರಭಸದ ನೀರು 15 ಸೆಂಟಿಮೀಟರ್ ಆಳವಿದ್ದರೂ, ಅಂದರೆ ನಿಮ್ಮ ಗೇಣಿಗಿಂತ ಹೆಚ್ಚಿಲ್ಲದಿದ್ದರೂ, ದೊಡ್ಡವರನ್ನೇ ಬೀಳಿಸಬಲ್ಲದು. 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸುತ್ತದೆ. 60 ಸೆಂಟಿಮೀಟರ್ ಬಹುತೇಕ ವಾಹನಗಳನ್ನು ಹೊತ್ತುಕೊಂಡು ಹೋಗುತ್ತದೆ. ಕೆಂಪು ನೀರಿನ ಅಡಿಯಲ್ಲಿ ರಸ್ತೆ ಇದೆಯೋ ಕೊರೆದು ಹೋಗಿದೆಯೋ ಅದೂ ಕಾಣುವುದಿಲ್ಲ. ಅಪ್ಪ ದಾಟಲು ಹೊರಟರೆ ಈ ಲೆಕ್ಕ ಹೇಳಿ. ಕೇಳದಿದ್ದರೆ ಗಾಡಿಯಿಂದ ಇಳಿದು, ಮುಂದಕ್ಕೆ ಬರುವುದಿಲ್ಲ ಎಂದು ಹಟ ಹಿಡಿಯಿರಿ. ಇಂಥ ಹಟಕ್ಕೆ ನಾನು ನಿಮ್ಮ ಕಡೆ.

ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಜಾತ್ರೆ. ಹಿಂಗಾರಿನ ಕಾಲವೂ ಅದೇ. ತಾಳಬೆಟ್ಟದಿಂದ ಮೇಲಕ್ಕೆ ಹೋಗುವ ದಾರಿ ಬರೀ ತಿರುವು. ನೆನೆದ ಮಣ್ಣು ಭಾರವಾಗುತ್ತದೆ, ಕಲ್ಲಿನ ಮೇಲಿನ ಅದರ ಹಿಡಿತ ಸಡಿಲುತ್ತದೆ. ಜೋರು ಮಳೆಯಲ್ಲಿ ದರೆಯ ಪಕ್ಕ ಗಾಡಿ ನಿಲ್ಲಿಸಿಕೊಂಡು ಮಳೆ ನಿಲ್ಲಲಿ ಎಂದು ಕಾಯುವುದು ಕೆಟ್ಟ ಉಪಾಯ. ಮಳೆ ನಿಂತ ಮೇಲೆ ಹೊರಡೋಣ ಎಂದು ತಾಳಬೆಟ್ಟದಲ್ಲೇ ಕೂತರೆ ಮಾದಪ್ಪ ಬೇಸರ ಮಾಡಿಕೊಳ್ಳುವುದಿಲ್ಲ.

ಕೊಳ್ಳೇಗಾಲದ ನೀರು ಹೊಳೆಯ ನೀರು, ಅದರ ಸ್ವಭಾವವೇ ಬೇರೆ. ಅದು ಹೇಳಿ ಬರುತ್ತದೆ. ದಾಸನಪುರ, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಮುಳ್ಳೂರು, ಯಡಕುರಿಯ ಕಡೆಯ ಮಕ್ಕಳಿಗೆ ಇದು ನಾನು ಹೇಳಬೇಕಾದ್ದಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ಊರಲ್ಲಿ ಹೇಳಿಕೊಳ್ಳುವಂಥ ಮಳೆಯೇನೂ ಇರಲಿಲ್ಲ. ಮಳೆಯಾದದ್ದು ಕೊಡಗಿನಲ್ಲಿ, ಕೇರಳದ ವಯನಾಡಿನಲ್ಲಿ. ಕೊಡಗಿನ ನೀರು ಕೃಷ್ಣರಾಜಸಾಗರಕ್ಕೆ, ವಯನಾಡಿನ ನೀರು ಕಬಿನಿ ಜಲಾಶಯಕ್ಕೆ. ಎರಡೂ ತುಂಬಿ ಬಾಗಿಲು ತೆರೆದರೆ ನೀರು ತಿರುಮಕೂಡಲು ನರಸೀಪುರದಲ್ಲಿ ಕೂಡಿಕೊಂಡು ನಮ್ಮ ಕಡೆ ಬರುತ್ತದೆ. 'ಮಳ ಇಲ್ದೆ ಹೊಳ ಬಂತು' ಎಂದು ಅಜ್ಜಿಯರು ಬೆರಗಾಗುವುದು ಇದಕ್ಕೇ. 2018ರ ಆ ಪ್ರವಾಹ ಶಿವನಸಮುದ್ರದ ಹತ್ತಿರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವನ್ನೇ ಕೆಡವಿತು. ಎಷ್ಟೋ ಮಳೆಗಾಲಗಳನ್ನು ಕಂಡಿದ್ದ ಕಲ್ಲಿನ ಕಂಬಗಳು ಅವು.

ಸುದ್ದಿಯಲ್ಲಿ 'ಒಂದು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ' ಎಂದು ಕೇಳುತ್ತೀರಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಇದು ಕಬಿನಿಯ ಲೆಕ್ಕವೋ ಕೃಷ್ಣರಾಜಸಾಗರದ ಲೆಕ್ಕವೋ ಕೇಳಿಸಿಕೊಂಡು ಎರಡನ್ನೂ ಕೂಡಿಸಿ ನೋಡಬೇಕು. ಬಾಗಿಲು ತೆರೆದ ಕೂಡಲೇ ನೀರು ನಿಮ್ಮೂರಿನಲ್ಲಿ ಇರುವುದಿಲ್ಲ, ಹರಿದು ಬರಲು ಗಂಟೆಗಳೇ ಬೇಕು. ಆ ಗಂಟೆಗಳು ನಿಮಗೆ ಸಿಕ್ಕ ಸಮಯ. ಊರಲ್ಲಿ ಟಾಂಟಾಂ ಹೊಡೆಸಿದಾಗ, ಪಂಚಾಯಿತಿಯವರು ಆಟೋದಲ್ಲಿ ಕೂಗಿಕೊಂಡು ಬಂದಾಗ, ಕೆಲಸ ಶುರುವಾಗಬೇಕು. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ನಿಮ್ಮ ಅಂಕಪಟ್ಟಿ, ಇವೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ. ಅಜ್ಜಿಯ ಬಿ.ಪಿ. ಮಾತ್ರೆ, ಟಾರ್ಚು, ಒಂದು ಜೊತೆ ಬಟ್ಟೆ, ಒಂದಿಷ್ಟು ಹುರಿಗಾಳು ಚೀಲಕ್ಕೆ. ಮೊಬೈಲು ಚಾರ್ಜಿಗೆ. ಇನ್ನೊಂದು ಕೆಲಸ ಮಕ್ಕಳೇ ನೆನಪಿಸಬೇಕು: ಕೊಟ್ಟಿಗೆಯ ದನಗಳ ಹಗ್ಗ. ಮೊದಲೇ ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಬೇಕು, ಆಗದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು. ದನ ಈಜುತ್ತದೆ, ಕಟ್ಟಿಹಾಕಿದ ದನ ಈಜಲಾರದು.

ಪ್ರವಾಹದ ಹೊತ್ತಿನಲ್ಲಿ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಲು ದೊಡ್ಡವರು ಹಿಂದೆಮುಂದೆ ನೋಡುತ್ತಾರೆ. ಮನೆ ಬಿಟ್ಟು ಹೋದರೆ ಸಾಮಾನು ಯಾರು ನೋಡಿಕೊಳ್ಳುವುದು ಅನ್ನುತ್ತಾರೆ. ಸುಳ್ಳಲ್ಲ ಆ ಚಿಂತೆ. ಅದಕ್ಕೇ ಧಾನ್ಯದ ಮೂಟೆ, ಪುಸ್ತಕ ಅಟ್ಟಕ್ಕೆ ಹಾಕಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿಸಿ ಹೋಗುವುದು. ಹಗಲಿರುವಾಗಲೇ ಹೋಗುವುದು.

ಯಳಂದೂರಿನ ನೀರು ಸುವರ್ಣಾವತಿಯದು, ಮೇಲಿನ ಎರಡಕ್ಕೂ ನಡುವಿನದು. ಚಾಮರಾಜನಗರ ತಾಲ್ಲೂಕಿನ ಅಟ್ಟುಗೂಳಿಪುರದಲ್ಲಿ ಅದಕ್ಕೆ ಅಣೆಕಟ್ಟಿದೆ. ತುಂಬಿದರೆ ಹೆಚ್ಚಾದ ನೀರು ಹೊಳೆಗೆ. 2022ರಲ್ಲಿ ಹಾಗೆ ತುಂಬಿ ಹರಿದಾಗ ಅಂಬಳೆ, ಗಣಿಗನೂರು ಕಡೆ ಗದ್ದೆಯೂ ಹೊಳೆಯೂ ಒಂದಾಗಿತ್ತು. ಹೊಳೆ ಸಣ್ಣದು, ಅದಕ್ಕೇ ಜನಕ್ಕೆ ಸಲಿಗೆ ಜಾಸ್ತಿ. ಸಣ್ಣ ಹೊಳೆಯಲ್ಲಿ ನೀರು ಏರುವುದು ಬೇಗ.

ಇನ್ನು ಗಾಳಿ ಸಿಡಿಲು. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಬಾಳೆತೋಟ ನೆಲ ಹಿಡಿಯುವುದು ಚಂಡಮಾರುತದಿಂದಲ್ಲ, ಗುಡುಗು ಮೋಡದಿಂದ ಧುಮುಕುವ ತಣ್ಣನೆಯ ಗಾಳಿಯಿಂದ. ಅದು ಬರುವುದು ಕೆಲವೇ ನಿಮಿಷಕ್ಕೆ, ಮುನ್ಸೂಚನೆಯೂ ಸ್ವಲ್ಪ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ: ಒಂದು, ಎರಡು, ಮೂರು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಹತ್ತಿರವೇ ಬೀಳಬಹುದು. ಗಟ್ಟಿ ಮನೆಯೊಳಗೆ ಹೋಗಿ. ಬಯಲಿನ ಒಂಟಿ ಮರ, ಹೊಲದ ತಗಡಿನ ಮರೆ ಎರಡೂ ಬೇಡ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಚೆನ್ನೈಯಲ್ಲೋ ಪುದುಚೇರಿಯಲ್ಲೋ ನೆಂಟರ ಮನೆಗೆ ಹೋಗಿರುವಾಗ ಚಂಡಮಾರುತವೇ ಎದುರಾದರೆ ಒಂದು ಮಾತು. ಭೋರ್ಗರೆವ ಗಾಳಿ ತಟ್ಟನೆ ನಿಂತು ಆಕಾಶ ತಿಳಿಯಾದರೆ ಮುಗಿಯಿತು ಎಂದು ಹೊರಗೆ ಓಡಬೇಡಿ. ಅದು ಚಂಡಮಾರುತದ ಕಣ್ಣು, ನಡುವಿನ ಶಾಂತ ಜಾಗ. ಅದು ಸರಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ. ನಿಮ್ಮ ಬಲಗೈ ಮುಷ್ಟಿ ನೋಡಿದರೆ ಏಕೆಂದು ತಿಳಿಯುತ್ತದೆ.

ಮಳೆ ನಿಂತು ಬಿಸಿಲು ಬಂದ ದಿನವೇ ಹೆಚ್ಚು ಎಚ್ಚರ ಬೇಕು ಅನ್ನುವುದು ನನ್ನ ಅಭಿಪ್ರಾಯ. ಮಳೆಯಲ್ಲಿ ಎಲ್ಲರೂ ಹೆದರಿ ಒಳಗಿರುತ್ತಾರೆ, ಬಿಸಿಲಿಗೆ ಧೈರ್ಯ ಬರುತ್ತದೆ. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಕುಸಿಯುತ್ತದೆ, ಅದರ ಪಕ್ಕ ಮಲಗುವುದಿರಲಿ, ಒರಗಿ ಕೂರಲೂ ಬಾರದು. ತಂತಿ ಕಡಿದು ಬಿದ್ದಿದ್ದರೆ ಸುತ್ತಲಿನ ಒದ್ದೆ ನೆಲದಲ್ಲೂ ಕರೆಂಟು ಹರಡಿರಬಹುದು. ಒಂದು ಕಾಲು ಇಲ್ಲಿ, ಇನ್ನೊಂದು ಕಾಲು ದೂರದಲ್ಲಿ ಇದ್ದರೆ ಎರಡರ ನಡುವೆ ಕರೆಂಟು ನಿಮ್ಮ ಮೈಮೂಲಕವೇ ಹರಿಯುತ್ತದೆ. ಹತ್ತಿರವೇ ಸಿಕ್ಕಿಹಾಕಿಕೊಂಡರೆ ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ, ಸವರಿಕೊಂಡು ದೂರ ಸರಿಯಿರಿ. ಆಮೇಲೆ ದೊಡ್ಡವರಿಂದ ನಮಗೆ ಕರೆಂಟು ಕೊಡುವ ಸೆಸ್ಕ್ ಕಂಪನಿಯ 1912ಕ್ಕೆ ಫೋನು ಮಾಡಿಸಿ. ಬೇರೆ ಯಾವ ಅಪಾಯಕ್ಕೂ 112.

ಬಿಲಕ್ಕೆ ನೀರು ನುಗ್ಗಿ ಹಾವುಗಳೂ ಮನೆ ಕಳೆದುಕೊಂಡಿರುತ್ತವೆ. ಸೌದೆ ರಾಶಿ, ಶೂ, ಅಟ್ಟದ ಮೂಲೆ ಅವಕ್ಕೂ ಒಣ ಜಾಗ. ಕೋಲಿನಿಂದ ತಟ್ಟಿ ಆಮೇಲೆ ಕೈ ಹಾಕಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಪ್ರವಾಹದ ನೀರು ಸೇರಿದ ಬಾವಿ, ಬೋರ್‌ವೆಲ್ಲಿನ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ನಂಬಬೇಡಿ. ಬ್ಲೀಚಿಂಗ್ ಪೌಡರ್ ಹಾಕಿಸುವವರೆಗೆ, ಆಮೇಲೂ ಕೆಲವು ದಿನ, ನೀರು ಕೊತಕೊತ ಕುದಿಯಬೇಕು. ಮಳೆ ನಿಂತ ವಾರದ ಮೇಲೆ ಸೊಳ್ಳೆ ಏಕೆ ಹೆಚ್ಚುತ್ತದೆ ಎಂದು ಯೋಚಿಸಿದ್ದೀರಾ? ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು 7ರಿಂದ 10 ದಿನ ಬೇಕು. ತೆಂಗಿನ ಚಿಪ್ಪು, ಹಳೆಯ ಟೈರು, ಒಡೆದ ಬಕೆಟ್ಟು ಬೋರಲು ಹಾಕಲು ನಿಮಗೆ ಒಂದು ವಾರ ಬಿಡುವಿದೆ ಅಂತ ಅರ್ಥ.

ಮೊಬೈಲಿನಲ್ಲಿ ಬರುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳ ಹಿಂದೆ ಇರುವುದು ಮಳೆಯ ಅಳತೆ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಈ ಅಳತೆಯನ್ನು ನೀವೂ ಮಾಡಬಹುದು. ಮೇಲಿಂದ ಕೆಳಗೆ ಒಂದೇ ಅಗಲವಿರುವ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಕತ್ತರಿಸಿದ ಭಾಗವನ್ನು ತಲೆಕೆಳಗಾಗಿ ಅದರ ಬಾಯಿಗೇ ಆಲಿಕೆಯಂತೆ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಮೊದಲೇ ಹಾಕಿ ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಮರ, ಸೂರು ಯಾವುದರ ನೆರಳೂ ಇಲ್ಲದ ಕಡೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ, ನೀವೂ ಅದೇ ಹೊತ್ತಿಗೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದು, ಬಾಟಲಿಯನ್ನು ಮತ್ತೆ ಸೊನ್ನೆಗೆ ತನ್ನಿ.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಿಮ್ಮ ಶಾಲೆಯ ಚಾವಣಿಯ ಉದ್ದ ಅಗಲ ಅಳೆದು ಗುಣಿಸಿದರೆ ಅದರ ಮೇಲೆ ಎಷ್ಟು ಸುರಿಯಿತು ಎಂದು ತಿಳಿಯುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಚಾವಣಿಗೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ನಿಮ್ಮ ಅಂಕಿಗೂ ಸರ್ಕಾರದ ಮಳೆಮಾಪಕದ ಅಂಕಿಗೂ ತಾಳೆಯಾಗದಿದ್ದರೆ ಬಾಟಲಿ ಬಿಸಾಡಬೇಡಿ. ಒಂದೇ ಊರಿನ ಎರಡು ಕೇರಿಗೆ ಎರಡು ಥರ ಮಳೆ ಬೀಳುವುದುಂಟು. ಮುಂದಿನ ಕೇರಿಯ ಗೆಳತಿಗೂ ಒಂದು ಬಾಟಲಿ ಇಡಲು ಹೇಳಿ.